ಗುಡ್ಡದ ಮೇಲಿನ ಮೂರು ಚುಕ್ಕೆ

ಅದು ಮರವಾಗಿದ್ದರೆ ಒಳ್ಳೆಯದೋ, ಮನುಷ್ಯನಾಗಿದ್ದರೆ ಒಳ್ಳೆಯದೋ?

ಅಮರನಿಗೆ ತಿಳಿಯಲಿಲ್ಲ. ಮರವೇ ಆಗಿರಲಿ ಎಂದು ಒಮ್ಮೆ ಅನಿಸಿತು. ಮರವಾದರೆ ಪಂದ್ಯ ತಾನು ಗೆದ್ದ ಹಾಗೆ. ಅಜ್ಜ ಕಣ್ಣಿನ ಆಪರೇಶನ್‌ಗೆ ಒಪ್ಪಿದ ಹಾಗೆ. ಮರುಕ್ಷಣವೇ, ಮನುಷ್ಯನಾಗಿದ್ದರೆ ಎಷ್ಟು ಚೆನ್ನ ಎಂದೂ ಅನಿಸಿತು. ಬೇರೆ ಯಾರಿಗೂ ಕಾಣದ್ದು ಅಜ್ಜನೊಬ್ಬನಿಗೇ ಕಂಡಿತ್ತು ಎಂದಾಗುತ್ತಿತ್ತು. ಆದರೆ ಆಮೇಲೆ ಅಜ್ಜ ದವಾಖಾನೆಯ ಕಡೆ ತಲೆ ಹಾಕಿಯೂ ಮಲಗುವುದಿಲ್ಲ.

"ಲೇ ಅಮರ್ಯಾ, ಕುಂತಲ್ಲೇ ನಿದ್ದಿ ಮಾಡಾಕತ್ತೀಯೇನು? ಸೀಡಿ ಕೊಡೋ," ಎಂದ ಅನಿಕೇತಣ್ಣ.

ಬೆಳಗಾವಿಯ ಸದಾಶಿವನಗರದಲ್ಲಿ ಅಮರನ ಮನೆಗೆ ಅಂಟಿಕೊಂಡೇ ಅನಿಕೇತಣ್ಣನ ಮನೆ. ಅವನು ಇಂಜಿನಿಯರಿಂಗ್ ಓದುತ್ತಿದ್ದ. ಆ ಓಣಿಯಲ್ಲಿ ಕಂಪ್ಯೂಟರ್ ಇದ್ದದ್ದು ಅವನ ಮನೆಯಲ್ಲಿ ಮಾತ್ರ. ಅದರ ಒಂದೊಂದು ಭಾಗವನ್ನೂ ಬೇರೆ ಬೇರೆ ಅಂಗಡಿಯಿಂದ ತಂದು ತಾನೇ ಜೋಡಿಸಿದ್ದೇನೆಂದು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ.

ಅಮರ ಗಣಿತದ ಪುಸ್ತಕ ತೆರೆದು, ನಡುವೆ ಕರವಸ್ತ್ರದಲ್ಲಿ ಸುತ್ತಿಟ್ಟಿದ್ದ ಸೀಡಿ ತೆಗೆದ. ಅದು ಖಾನಾಪುರದ ನೀಲಾಳದು. ನೀಲಾ ಅಮರನ ಸೋದರಮಾವ ಬೀರಣ್ಣನ ಮಗಳು. ಅಮರನಿಗಿಂತ ಒಂದು ವರ್ಷ ದೊಡ್ಡವಳು. ಕೊಡುವಾಗ ಅವಳು ಹೇಳಿದ್ದು ಒಂದೇ ಮಾತು: "ಒಂದ ಗೀರು ಬಿತ್ತಂದ್ರ ನಿನ್ನ ಮಾರಿ ಮ್ಯಾಲೆ ಎರಡ ಗೀರು ಬೀಳತಾವ."

ಆ ಸೀಡಿಯಲ್ಲಿ ಕಾರ್ ರೇಸಿನ ಆಟವಿತ್ತು.

* * *

ಬೀರಣ್ಣಮಾವನಿಗೆ ರೈಲ್ವೆಯಲ್ಲಿ ಕೆಲಸ. ಹಡಗಿನಲ್ಲಿ ದುಡಿಯುತ್ತಿದ್ದ ಗೋವಾದ ಗೆಳೆಯನೊಬ್ಬ ತನ್ನ ಹಳೆಯ ಟಿ.ವಿ. ಗೇಮ್ ಪೆಟ್ಟಿಗೆಯನ್ನು ಅವನಿಗೆ ಕೊಟ್ಟಿದ್ದ. ರಜೆ ಬಂತೆಂದರೆ ಅಮರ ಖಾನಾಪುರಕ್ಕೆ ಓಡುತ್ತಿದ್ದ. ನೀಲಾ ಮತ್ತು ಅವನು ಸರದಿಯ ಮೇಲೆ ಕಾರು ಓಡಿಸುತ್ತಿದ್ದರು. ಹಿಂದೆ ಗೋಡೆಗೊರಗಿ ಮಾವನ ಅಪ್ಪ ರಾಮಲಿಂಗಜ್ಜ ಕುಳಿತಿರುತ್ತಿದ್ದ.

ಅಜ್ಜ ಹರೆಯದಲ್ಲಿ ಕುರಿ ಕಾದವನು. ಮಂದೆ ಹೊಡೆದುಕೊಂಡು ಊರೂರು ಸುತ್ತಿದವನು. ಈಗ ಕುರಿಯಿರಲಿಲ್ಲ, ಹೆಗಲ ಮೇಲಿನ ಕಂಬಳಿ ಮಾತ್ರ ಇತ್ತು.

ಆಟದ ಎರಡನೆಯ ತಿರುವಿನಲ್ಲಿ ದೂರಕ್ಕೆ ಒಂದು ಗುಡ್ಡ ಬರುತ್ತಿತ್ತು. ಅದರ ನೆತ್ತಿಯ ಮೇಲೆ ಕಪ್ಪಗೆ ಏನೋ ಒಂದು. ಕಾರು ಅಲ್ಲಿಗೆ ಬಂದಾಗಲೆಲ್ಲ ಅಜ್ಜ ಗಂಟಲೆತ್ತಿ ಕೂಗುತ್ತಿದ್ದ:

"ಏ ತಮ್ಮಾ! ಆ ಕಡಿ ನೀರು ಐತೇನೋ?"

ಮೊದಲ ಸಲ ನೀಲಾ ಬೆಚ್ಚಿಬಿದ್ದು ಕಾರನ್ನು ಗೋಡೆಗೆ ಗುದ್ದಿದ್ದಳು. "ಯಾರನ್ನ ಕರದೀ ಅಜ್ಜಾ?"

"ಅಲ್ಲಿ ಕುರಿ ಕಾಯಾಂವ ನಿಂತಾನಲ್ಲ. ಕೋಲಿಗೆ ಗದ್ದ ಹಚ್ಚಿ, ಒಂಟಿ ಕಾಲ ಮ್ಯಾಲೆ. ತಲಿ ಮ್ಯಾಲೆ ಕಂಬಳಿ ಕೊಪ್ಪಿ ಹಾಕ್ಯಾನ. ನಾವು ಹೋದಂಗ ತಿರುಗಿ ನೋಡತಾನ, ಪಾಪ. ಗುಡ್ಡದ ಮ್ಯಾಲಿರಾಂವನ್ನ ಮಾತಾಡ್ಸದ ಹೋಗಬಾರದವ್ವಾ. ನೀರು ಎಲ್ಲೈತಿ, ಮೇವು ಎಲ್ಲೈತಿ ಅಂತ ಅಂವಗ ಗೊತ್ತಿರತೈತಿ."

"ಅದು ಮರ ಅಜ್ಜಾ," ಎಂದಿದ್ದ ಅಮರ.

"ಮರ ತಿರುಗಿ ನೋಡತೈತೇನಲೇ?"

ಹೀಗೆ ಆ ಜಗಳ ಶುರುವಾಗಿತ್ತು. ಮೊದಮೊದಲು ಎಲ್ಲರೂ ನಕ್ಕರು. ಒಂದು ಬೆಳಿಗ್ಗೆ ಅಜ್ಜ ಕಪ್ಪಿನಿಂದ ಚಹಾವನ್ನು ಬಸಿ ತಟ್ಟೆಗೆ ಹಾಕುವ ಬದಲು ನೆಲಕ್ಕೆ ಸುರಿದ. ಇನ್ನೊಂದು ದಿನ ರೈಲು ಹಳಿ ದಾಟುವಾಗ ಎಡವಿ ಬಿದ್ದು ಮೊಣಕಾಲು ಒಡೆದುಕೊಂಡ. ಅತ್ತ ಬೋಗಿಗಳನ್ನು ನೋಡಿಕೊಳ್ಳುತ್ತಿದ್ದ ಬೀರಣ್ಣಮಾವ ಓಡಿಬಂದು ಎತ್ತಿದ. ಅಂದೇ ಅವನನ್ನು ಡಾಕ್ಟರರಿಗೆ ತೋರಿಸಿದ. ಎರಡೂ ಕಣ್ಣಿಗೆ ಪೊರೆ ಬಂದಿದೆ, ಆಪರೇಶನ್ ಆಗಲೇಬೇಕು ಎಂದರು ಡಾಕ್ಟರು.

ಅಜ್ಜ ಕೇಳಲಿಲ್ಲ. "ನನ್ನ ಕಣ್ಣಿಗೇನಾಗೇತಿ? ಗುಡ್ಡದ ಮ್ಯಾಲಿನಾಂವ ನನಗ ಕಾಣತಾನ, ನಿಮಗ ಕಾಣೂದಿಲ್ಲ. ಮೊದಲ ನೀವು ಮಾಡಿಸ್ಕೊಳ್ರಿ ಆಪರೇಶನ್."

ಆಗ ಅಮರ ಬಾಯಿ ಹಾಕಿದ್ದ. ಇದೇ ಆಟವನ್ನು ಅನಿಕೇತಣ್ಣನ ಕಂಪ್ಯೂಟರಿನಲ್ಲಿ ಇನ್ನೂ ಸ್ಪಷ್ಟವಾಗಿ ನೋಡಬಹುದೆಂದು ಹೇಳಿದ್ದ.

ಅಜ್ಜ ಕಂಬಳಿ ಸರಿಮಾಡಿಕೊಂಡು ಎಂದ: "ಆತು. ಅಲ್ಲಿ ಅಂವ ಮರ ಅಂತ ಕಂಡ್ರ ನೀವು ಹೇಳಿದ ದವಾಖಾನಿಗೆ ಬರತೇನಿ. ಮನಿಶಾ ಅಂತ ಕಂಡ್ರ ನನ್ನ ಕಣ್ಣಿನ ಸುದ್ದಿ ಯಾರೂ ತಗೀಬಾರದು. ಮಾತಂದ್ರ ಮಾತು."

* * *

"ಇದಕ್ಕ ಎಮ್ಯುಲೇಟರ್ ಅಂತಾರ," ಎಂದು ಅನಿಕೇತಣ್ಣ ಸೀಡಿಯನ್ನು ಕಂಪ್ಯೂಟರಿನೊಳಗೆ ತಳ್ಳಿದ. "ನೀ ಸಾಲಿ ಗ್ಯಾದರಿಂಗ್‌ನಾಗ ನಾಟಕದ ಪೊಲೀಸ್ ಆಗಿದ್ದಿಲ್ಲೇನು?"

"ಆಗಿದ್ನಿ. ಟೊಪ್ಪಿಗಿ ಕಣ್ಣಿಗೇ ಬರತಿತ್ತು."

"ಹಂಗ ಇದು. ನಮ್ಮ ಕಂಪ್ಯೂಟರ್ ಈಗ ಟಿ.ವಿ. ಗೇಮ್ ಪೆಟ್ಟಿಗಿ ವೇಷ ಹಾಕತೈತಿ. ಸೀಡಿಗೆ ಗೊತ್ತ ಆಗೂದಿಲ್ಲ. ಅದು ತಾನು ಪೆಟ್ಟಿಗಿಯೊಳಗ ಅದೇನಿ ಅಂತ ತಿಳಕೊಂಡು ಆಟ ಆಡಸತೈತಿ."

ಪರದೆ ಕಪ್ಪಾಯಿತು. ಆಮೇಲೆ ಖಾನಾಪುರದಲ್ಲಿ ಕೇಳುತ್ತಿದ್ದ ಅದೇ ಸಂಗೀತ ಬಂತು. ಅಮರ ಕುರ್ಚಿಯಿಂದ ಎದ್ದು ನಿಂತ. ಕೀಲಿಮಣೆಯ ಬಾಣದ ಗುರುತುಗಳನ್ನು ಒತ್ತಿ ಅನಿಕೇತಣ್ಣ ಕಾರು ಬಿಟ್ಟ. ಮೊದಲ ತಿರುವು. ಎರಡನೆಯ ತಿರುವು. ಗುಡ್ಡ ಬಂತು.

"ನಿಲ್ಲಸು, ನಿಲ್ಲಸು!"

ಅಮರ ಪರದೆಗೆ ಮೂಗು ಹಚ್ಚಿದ. ಟಿ.ವಿ.ಯಲ್ಲಿ ಕಂಡಂತೆಯೇ ಇತ್ತು. ಒಂದರ ಮೇಲೊಂದು ಮೂರು ಕಪ್ಪು ಚುಕ್ಕೆ. ಬೇರೇನೂ ಇರಲಿಲ್ಲ.

"ಇಷ್ಟನ?"

"ಟಿ.ವಿ. ಗೇಮ್ ಎಷ್ಟ ಚುಕ್ಕಿ ಹಾಕತೈತೋ ಅಷ್ಟ ಹಾಕೇನಿ ನಾನೂ. ನಿಮ್ಮವ್ವ ಅಂಗಳದಾಗ ಚುಕ್ಕಿ ರಂಗೋಲಿ ಹಾಕತಾಳಲ್ಲ? ಮೂರ ಚುಕ್ಕಿ ಇಟ್ಟು ನವಿಲ ಬಿಡಸು ಅಂದ್ರ ಬರತೈತೇನು?"

"ಮೂರ ಚುಕ್ಕಿಯೊಳಗ ನವಿಲಿನ ಕೊಕ್ಕೂ ಆಗೂದಿಲ್ಲ."

"ಅಷ್ಟ ನೋಡು. ದೂರದ ಸಾಮಾನಿಗೆ ಪೆಟ್ಟಿಗಿ ಕೊಡೂದ ಮೂರ ಚುಕ್ಕಿ. ಸೀಡಿಯೊಳಗ ಅದರ ಪೂರಾ ಚಿತ್ರ ಇರತೈತಿ. ತೋರಸಾಕ ಚುಕ್ಕಿ ಸಾಲೂದಿಲ್ಲ. ಚುಕ್ಕಿ ಹೆಚ್ಚ ಮಾಡೂದಕ್ಕನ ರೆಸಲ್ಯೂಶನ್ ಏರಸೂದು ಅಂತಾರ."

"ಹಂಗಾರ ಏರಸಣ್ಣಾ!"

"ಏರಸತೇನಿ. ಆದ್ರ ರಂಗೋಲಿ ಹಾಕಾವ್ರು ಯಾರು?" ಅನಿಕೇತಣ್ಣ ಮೇಜಿನ ಕೆಳಗಿನ ಡಬ್ಬಿಯನ್ನು ಕಾಲಿನಿಂದ ತಟ್ಟಿದ. "ಇದರೊಳಗ ಗ್ರಾಫಿಕ್ಸ್ ಕಾರ್ಡ್ ಐತಿ. ಒಂದ ಚಿತ್ರ ಹಾಕಬೇಕು, ಅಳಸಬೇಕು, ಮತ್ತೊಂದ ಹಾಕಬೇಕು. ಕಣ್ಣ ಪಿಳುಕಿಸೂದ್ರಾಗ ಎಷ್ಟೋ ಸಲ. ಚುಕ್ಕಿ ಹೆಚ್ಚಾದಂಗ ಪಾಪ ಅದಕ್ಕ ಸಾಕಾಗಿ ಹೋಗತೈತಿ. ನನ್ನ ಕಾರ್ಡ್ ಹಳೇದು."

"ನೀನ ಜೋಡಿಸಿದ್ದಲ್ಲ?"

"ಜೋಡಿಸಿದ್ದು ನಾನು. ಕಾರ್ಡ್ ಕೊಡಸಾಂವ ನಮ್ಮಪ್ಪ," ಎಂದ ಅನಿಕೇತಣ್ಣ ಮೆಲ್ಲಗೆ.

ಅವನು ರೆಸಲ್ಯೂಶನ್ನನ್ನು ಒಂದು ಮೆಟ್ಟಿಲು ಏರಿಸಿದ. ಕಾರಿನ ಅಂಚುಗಳು ಚೂಪಾದವು, ರಸ್ತೆಯ ಬಿಳಿ ಗೆರೆ ನೇರವಾಯಿತು. ಅಮರನಿಗೆ ಯಾರೋ ಕನ್ನಡಿ ಒರೆಸಿದಂತೆ ಅನಿಸಿತು. ಆದರೆ ಗುಡ್ಡದ ಮೇಲಿನದು ಇನ್ನೂ ಒಂದು ಕಲೆಯೇ. ಇನ್ನೊಂದು ಮೆಟ್ಟಿಲು ಏರಿಸಿದಾಗ ಕಾರು ಎಳೆದೆಳೆದು ಓಡತೊಡಗಿತು. ಕಲೆಗೆ ಒಂದು ತೋಳಿನಂಥದು ಮೂಡಿತು.

"ಕೋಲು!" ಎಂದ ಅಮರ. "ಅಣ್ಣಾ, ಅಜ್ಜ ಹೇಳಿದ ಕೋಲು ಇರಬೇಕು!"

ಅನಿಕೇತಣ್ಣ ಕೊನೆಯ ಮೆಟ್ಟಿಲಿಗೆ ಏರಿಸಿದ. ಸಂಗೀತ ತೊದಲಿತು. ಕಾರು ಒಂದು ಹೆಜ್ಜೆ ಮುಂದೆ ಬಂದು ನಿಂತಿತು, ಯೋಚಿಸಿದಂತೆ ಮಾಡಿ ಇನ್ನೊಂದು ಹೆಜ್ಜೆ ಇಟ್ಟಿತು. ಮೊದಲ ತಿರುವೇ ಬರಲೊಲ್ಲದು.

"ನೋಡಿದಿ? ಎಮ್ಮಿ ಕೆರಿಯಿಂದ ಎದ್ದ ಬಂದಂಗ ಬರಾಕತ್ತೇತಿ. ಇದರಾಗ ಆಟ ಆಡಾಕ ಬರೂದಿಲ್ಲೋ. ಬಿಡು."

"ನನಗ ಆಡೂದ ಬ್ಯಾಡಣ್ಣಾ. ನೋಡೂದೈತಿ."

ಅನಿಕೇತಣ್ಣ ಅವನ ಮುಖ ನೋಡಿದ. ಅವನ ಗೆಳೆಯರೆಲ್ಲ ಬಂದು ಕೇಳುತ್ತಿದ್ದುದು ಒಂದೇ, ಎಷ್ಟು ಜೋರಾಗಿ ಓಡುತ್ತದೆ ಎಂದು. ಬರೀ ನೋಡಬೇಕೆಂದವರು ಯಾರೂ ಇರಲಿಲ್ಲ.

"ಹಂಗಾರ ಫ್ಯಾನ್ ತಗೊಂಬಾ," ಎಂದ.

ಇಬ್ಬರೂ ಡಬ್ಬಿಯ ಒಂದು ಬದಿಯ ತಗಡನ್ನು ಬಿಚ್ಚಿ, ಟೇಬಲ್ ಫ್ಯಾನನ್ನು ಅದರ ಮುಂದಿಟ್ಟರು. ಒಳಗೆ ಕಾರ್ಡು ಮುಟ್ಟಲಾರದಷ್ಟು ಕಾದಿತ್ತು. ಅಡುಗೆ ಮನೆಯಿಂದ ಅನಿಕೇತಣ್ಣನ ಅವ್ವನ ದನಿ ಬಂತು. "ಏನೋ ಅನಿ, ಸುಟ್ಟ ವಾಸನಿ ಬರಾಕತ್ತೇತಿ?"

"ನಿನ್ನ ಒಲಿ ಮ್ಯಾಲಿಂದ ಇರಬೇಕ ನೋಡವ್ವಾ!"

"ನನ್ನ ಒಲಿ ಆರಿ ತಾಸಾತು!"

ಕಾರು ಹೆಜ್ಜೆ ಹೆಜ್ಜೆಯಾಗಿ ಮೊದಲ ತಿರುವು ದಾಟಿತು. ಉಳಿದ ಕಾರುಗಳೆಲ್ಲ ಎಲ್ಲೋ ಮುಂದೆ ಹೋಗಿದ್ದವು. ಖಾಲಿ ರಸ್ತೆ, ಎರಡೂ ಬದಿ ಹುಲ್ಲು. ಓಡಿಸುವಾಗ ಅಮರ ಹುಲ್ಲನ್ನು ನೋಡಿಯೇ ಇರಲಿಲ್ಲ. ಎರಡನೆಯ ತಿರುವು ಬಂತು. ಗುಡ್ಡದ ಬುಡ ಕಂಡಿತು.

ಫಟ್ ಎಂದು ಕರೆಂಟು ಹೋಯಿತು.

"ಹೋ!" ಎಂದು ಓಣಿಯ ಹುಡುಗರೆಲ್ಲ ಕೂಗಿದರು. ಅಮರ ಕೂಗಲಿಲ್ಲ. ಕಪ್ಪು ಪರದೆಯಲ್ಲಿ ಅವನ ಮುಖವೇ ಅವನಿಗೆ ಕಾಣುತ್ತಿತ್ತು. ಮರವೋ, ಮನುಷ್ಯನೋ? ಈಗ ಎರಡರಲ್ಲಿ ಯಾವುದಾದರೂ ಸರಿ, ಗೊತ್ತಾದರೆ ಸಾಕು ಎನಿಸಿತ್ತು.

ಕರೆಂಟು ಬಂದದ್ದು ಊಟದ ಹೊತ್ತಿಗೆ. ಅಮರ ಅರ್ಧ ರೊಟ್ಟಿಯನ್ನು ಕೈಯಲ್ಲೇ ಹಿಡಿದು ಓಡಿದ. ಮತ್ತೆ ಮೊದಲಿನಿಂದ, ಎಮ್ಮೆಯ ಹೆಜ್ಜೆ. ಗುಡ್ಡ ಬಂತು. ಅನಿಕೇತಣ್ಣ ಕಾರನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದ.

ಅದು ಮೋಟು ಮರ.

ಒಣಗಿದ ಬೊಡ್ಡೆ. ಒಂದು ಬದಿಗೆ ಮುರಿದ ಕೊಂಬೆ. ಅಜ್ಜನ ಕೋಲು ಅದು. ಮೇಲೆ ಕಪ್ಪು ಎಲೆಗಳ ಒಂದು ಗೊಂಚಲು. ಅಜ್ಜನ ಕಂಬಳಿ ಕೊಪ್ಪೆ.

"ಗೆದ್ನಿ!" ಎಂದು ಅಮರ ಕುಣಿದ. ಕುಣಿಯುತ್ತಲೇ ನಿಂತ. ಅನಿಕೇತಣ್ಣ ಕಾರನ್ನು ನಿಧಾನವಾಗಿ ಮುಂದೆ ಬಿಡುತ್ತಿದ್ದ. ಕಾರು ಎತ್ತ ಸರಿದರೂ ಮುರಿದ ಕೊಂಬೆ ಅದೇ ಬದಿಗಿತ್ತು; ಮರ ಕಾರಿನ ಜೊತೆಗೇ ತಿರುಗುತ್ತಿತ್ತು.

"ಅಣ್ಣಾ, ಅದು ತಿರುಗಾಕತ್ತೇತಿ!"

"ಹೌದು. ಅದು ಖರೇ ಮರ ಅಲ್ಲ, ಕಾಗದದ ಮ್ಯಾಲೆ ಚಿತ್ರ ತಗದು ನಿಲ್ಲಿಸಿದಂಗ. ಬಾಜುದಿಂದ ನೋಡಿದ್ರ ಏನೂ ಕಾಣೂದಿಲ್ಲಲ್ಲ? ಅದಕ್ಕ ನಾವು ಎತ್ತಾಗ ಹೋದ್ರೂ ಅದು ನಮ್ಮ ಕಡೆ ಮಾರಿ ಮಾಡತೈತಿ. ಪೆಟ್ಟಿಗಿಗೆ ಕೆಲಸ ಕಡಿಮಿ ಆಗತೈತಿ ಅಂತ ಆಟ ಮಾಡಿದವ್ರು ಹಂಗ ಮಾಡಿರತಾರ."

ಅಮರ ಎಷ್ಟು ಸಲ ಆ ತಿರುವಿನಲ್ಲಿ ಹಾದುಹೋಗಿದ್ದನೋ ಲೆಕ್ಕವಿಲ್ಲ. ನೀಲಾ ಅದಕ್ಕಿಂತ ಹೆಚ್ಚು. ಅದು ತಿರುಗುತ್ತದೆಂದು ಇಬ್ಬರಿಗೂ ಗೊತ್ತಾಗಿರಲಿಲ್ಲ. ಪೊರೆ ಬಂದ ಕಣ್ಣಿನ ಅಜ್ಜನಿಗೆ ಗೊತ್ತಾಗಿತ್ತು.

* * *

ಭಾನುವಾರ ಅಮರ ಅವ್ವನ ಜೊತೆ ಖಾನಾಪುರದ ಪ್ಯಾಸೆಂಜರ್ ಹತ್ತಿದ. ಸೀಡಿ ಗಣಿತದ ಪುಸ್ತಕದಲ್ಲಿತ್ತು. ಪರದೆಯ ಚಿತ್ರವನ್ನು ಫ್ಲಾಪಿಗೆ ಹಾಕಿಕೊಡಲೇ ಎಂದು ಅನಿಕೇತಣ್ಣ ಕೇಳಿದ್ದ. ಆದರೆ ಮಾವನ ಮನೆಯಲ್ಲಿ ಫ್ಲಾಪಿಯನ್ನು ಹಾಕುವುದೆಲ್ಲಿ? ಕಂಡದ್ದನ್ನು ಬಾಯಲ್ಲೇ ಹೇಳಬೇಕಿತ್ತು. ಹೇಳುವವನು ತಾನೊಬ್ಬನೇ.

ದೇಸೂರ ಸ್ಟೇಶನ್ ದಾಟಿದ ಮೇಲೆ ಒಂದು ದಿಬ್ಬದ ಕೆಳಗೆ ಕುರಿಗಳು ಹರಡಿಕೊಂಡಿದ್ದವು. ದಿಬ್ಬದ ಮೇಲೆ ಕಪ್ಪಗೆ ಒಂದು ಗೆರೆ ಕಂಡಿತು. ಅಮರ ಕಿಟಕಿಗೆ ಹಣೆ ಹಚ್ಚಿದ. ರೈಲು ಹತ್ತಿರ ಬಂದಾಗ ಗೆರೆಗೆ ಕಾಲು ಬಂತು, ಕೋಲು ಬಂತು. ಒಂಟಿ ಕಾಲ ಮೇಲೆ, ಕೋಲಿಗೆ ಗದ್ದ ಹಚ್ಚಿ ಒಬ್ಬ ನಿಂತಿದ್ದ. ರೈಲು ಹೋದ ಹಾಗೆಲ್ಲ ಅವನ ಮುಖವೂ ತಿರುಗಿತು.

ಅವನನ್ನು ಯಾರಾದರೂ ಮಾತಾಡಿಸುತ್ತಾರೇನೋ ಎಂದು ಅಮರ ಬೋಗಿಯ ತುಂಬ ನೋಡಿದ. ಎಲ್ಲರೂ ಶೇಂಗಾ ತಿನ್ನುತ್ತಿದ್ದರು.

ಅಜ್ಜ ಅಂಗಳದ ಕಟ್ಟೆಯ ಮೇಲಿದ್ದ. ಹೆಜ್ಜೆಯ ಸಪ್ಪಳ ಕೇಳಿ, "ಯಾರದು? ನೀಲವ್ವಾ?" ಎಂದ.

"ನಾನ ಅಜ್ಜಾ, ಅಮರ."

"ಬಾರೋ ಸಾಹೇಬಾ. ಏನ ಅಂತ ಕಂಡಿ?"

ನೀಲಾ ಒಳಗಿನಿಂದ ಓಡಿಬಂದಳು. ಮೊದಲು ಸೀಡಿಯನ್ನು ಕಸಿದು ಬಿಸಿಲಿಗೆ ಹಿಡಿದು ಗೀರು ನೋಡಿದಳು. ಆಮೇಲೆ ಅಮರನ ಮುಖ ನೋಡಿದಳು. ಬೀರಣ್ಣಮಾವ ಬಾಗಿಲಲ್ಲಿ ಬಂದು ನಿಂತ. ಅವನ ಕಣ್ಣು ಅಜ್ಜನ ಒಡೆದ ಮೊಣಕಾಲಿನ ಮೇಲಿತ್ತು.

"ಮರ ಐತಿ ಅಜ್ಜಾ," ಎಂದ ಅಮರ. "ಮೋಟ ಮರ. ಒಂದ ಕೊಂಬಿ ಮುರದೈತಿ. ಅದ ಕೋಲಿನಂಗ ಕಾಣತೈತಿ."

ಅಜ್ಜನ ಬೆರಳು ಕಂಬಳಿಯ ಅಂಚಿನ ಗಂಟುಗಳನ್ನು ಒಂದೊಂದಾಗಿ ಮುಟ್ಟುತ್ತಿತ್ತು.

"ತಿರುಗತೈತೋ ಇಲ್ಲೋ?"

"ತಿರುಗತೈತಿ ಅಜ್ಜಾ. ಅದು ನೀ ಹೇಳಿದ್ದು ಖರೇ. ನಮಗ ಯಾರಿಗೂ ಗೊತ್ತ ಆಗಿದ್ದಿಲ್ಲ."

"ಮತ್ತ ನಾ ಏನ ಅಂದಿದ್ನಿ!" ಎಂದ ಅಜ್ಜ. ಆಮೇಲೆ, "ಸಿದರಾಯ ಹಂಗ ನಿಲ್ಲತಿದ್ದ," ಎಂದ.

"ಸಿದರಾಯ ಯಾರು?" ಎಂದಳು ನೀಲಾ.

"ನನ್ನ ಜೋಡೀದಾಂವ. ಆ ಗುಡ್ಡಕ್ಕ ಅಂವ, ಈ ಗುಡ್ಡಕ್ಕ ನಾ. ದಿನಾ ಸಂಜಿ ಮುಂದ ಕೂಗಿ ಮಾತಾಡತಿದ್ವಿ. ಅಂವ ಹೋಗಿ ಭಾಳ ವರ್ಷಾತು."

ಅಜ್ಜ ಕೈ ಊರಿ ಎದ್ದ. "ಬೀರಾ, ಯಾವಾಗ ಹೋಗೂದೋ ದವಾಖಾನಿಗೆ? ಲಗೂ ಹೇಳು. ಮಾತಂದ್ರ ಮಾತು."

* * *

ಬೆಳಗಾವಿಯ ದವಾಖಾನೆಯಲ್ಲಿ ಅಜ್ಜನ ಆಪರೇಶನ್ ಆಯಿತು. ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು. ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಅಜ್ಜ ನರ್ಸಿಗೆ ಮೇಕೆಯ ಹಾಲಿನ ಗುಣ ವಿವರಿಸುತ್ತಿದ್ದ. ಅವಳು ಮರಾಠಿಯವಳು, ಅರ್ಧ ತಿಳಿದು ಪೂರ್ತಿ ನಗುತ್ತಿದ್ದಳು.

ದೀಪಾವಳಿ ರಜೆಗೆ ಅಮರ ಅವ್ವನ ಜೊತೆ ಖಾನಾಪುರಕ್ಕೆ ಹೋದಾಗ ಅಜ್ಜನ ಮೂಗಿನ ಮೇಲೆ ಹೊಸ ಕನ್ನಡಕವಿತ್ತು. ಅಮರ ಇನ್ನೂ ಗೇಟಿನ ಹತ್ತಿರವೇ ಇದ್ದ.

"ಲೇ ಅಮರ್ಯಾ, ಅಂಗಿ ಗುಂಡಿ ಹರದೈತಲ್ಲೋ! ನಿಮ್ಮವ್ವಗ ಕಾಣಾಂಗಿಲ್ಲೇನು?"

ಅವ್ವ ಅಲ್ಲೇ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಂದು ಅಜ್ಜ ಕಂಡದ್ದನ್ನೆಲ್ಲ ಹೇಳಿದ. ಗೋಡೆಯ ಬಿರುಕು, ಇರುವೆಯ ಸಾಲು, ನೀಲಾಳ ಗಲ್ಲದ ಮೇಲಿನ ಮಸಿ. ಚಹಾವನ್ನು ಒಂದು ಹನಿ ಚೆಲ್ಲದೆ ಬಸಿಗೆ ಹಾಕಿ ಎಲ್ಲರಿಗೂ ತೋರಿಸಿ ಕುಡಿದ.

ಸಂಜೆ ನೀಲಾ ಟಿ.ವಿ. ಹಚ್ಚಿದಳು. ಅಜ್ಜ ಗೋಡೆ ಬಿಟ್ಟು ಮುಂದೆ ಬಂದು, ಮಕ್ಕಳ ನಡುವೆ ಕುಳಿತ. ಮೊದಲ ತಿರುವು, ಎರಡನೆಯ ತಿರುವು. ಗುಡ್ಡ ಬಂದ ಕೂಡಲೇ ನೀಲಾ ಕಾರು ನಿಲ್ಲಿಸಿದಳು.

"ಈಗ ಹೇಳ ಅಜ್ಜಾ. ಮರನೋ ಮನಿಶಾನೋ?"

ಅಜ್ಜ ಕನ್ನಡಕ ಸರಿ ಮಾಡಿಕೊಂಡು ಬಾಗಿದ. ಬಹಳ ಹೊತ್ತು ನೋಡಿದ. ಆಮೇಲೆ ಪರದೆಯಿಂದ ಕಣ್ಣು ತೆಗೆದು ಅಮರನನ್ನು ನೋಡಿದ. ಆ ಕಣ್ಣುಗಳು ಈಗ ತಿಳಿಯಾಗಿದ್ದವು.

"ಮರನ ಐತಿ," ಎಂದ. "ಮೋಟ ಮರ. ಕೊಂಬಿ ಮುರದಿದ್ದೂ ಕಾಣತೈತಿ. ಅಮರ್ಯಾ ಖರೇ ಹೇಳಿದ್ದ."

"ಅಯ್ಯ, ನನಗ ಇನ್ನೂ ಬರೇ ಕಪ್ಪ ಕಾಣತೈತಿ! ನಿನ್ನ ಕಣ್ಣು ನನ್ನವಕಿಂತ ಚಲೋ ಆದ್ವು ನೋಡಜ್ಜಾ," ಎಂದು ನೀಲಾ ನಕ್ಕಳು.

ಅಮರ ಟಿ.ವಿ. ನೋಡಿದ. ಗುಡ್ಡದ ಮೇಲೆ, ಒಂದರ ಮೇಲೊಂದು, ಮೂರು ಕಪ್ಪು ಚುಕ್ಕೆ. ಕೊಂಬೆ ಇರಲಿಲ್ಲ. ಬೊಡ್ಡೆ ಇರಲಿಲ್ಲ.

ನೀಲಾ ಕಾರು ಬಿಟ್ಟಳು. ಗುಡ್ಡ ಪಕ್ಕಕ್ಕೆ ಸರಿಯತೊಡಗಿತು. ಅಜ್ಜ ಕೂಗಲಿಲ್ಲ. ಮೊಣಕಾಲಿನ ಮೇಲಿದ್ದ ಅವನ ಕೈ ಮಾತ್ರ ಒಂದಿಷ್ಟು ಮೇಲೆದ್ದು, ದೂರದಲ್ಲಿ ನಿಂತವನಿಗೆ ಬರುತ್ತೇನೆಂದು ಹೇಳುವ ಹಾಗೆ ಆಡಿತು. ಆಮೇಲೆ ಮೆಲ್ಲಗೆ ಕೆಳಗಿಳಿಯಿತು.

ಅಮರ ಅದನ್ನು ನೋಡಿದ. ಅಜ್ಜನ ಕಡೆ ಸ್ವಲ್ಪ ಸರಿದು, ಅವನ ಕಂಬಳಿಗೆ ಭುಜ ತಾಗಿಸಿ ಕುಳಿತ.

ಆ ಟಿ.ವಿ.ಯಲ್ಲಿ ಮರ ಯಾರ ಕಣ್ಣಿಗೂ ಕಾಣಲು ಸಾಧ್ಯವಿಲ್ಲ ಎಂಬುದನ್ನು ಅಮರ ಅಜ್ಜನಿಗೆ ಅಂದು ಹೇಳಲಿಲ್ಲ. ಮುಂದೆಯೂ ಹೇಳಲಿಲ್ಲ.